ಪದ್ಮಿನಿಯ ದನಿ ಮುಂದಕ್ಕೆ ಬಂದದ್ದು

ಪ್ರೀಮಿಯರ್ ಪದ್ಮಿನಿಯ ಮುಂದಿನ ಬಾಗಿಲೊಳಗೆ ಸ್ಪೀಕರಿಗೆ ಜಾಗವಿಲ್ಲ. ಹೊರಗಿನಿಂದ ನೋಡಿದರೆ ಬಾಗಿಲು ದಪ್ಪವಾಗೇ ಕಾಣುತ್ತದೆ. ಒಳಗಿನ ರೆಕ್ಸಿನ್ ಹಲಗೆ ಬಿಚ್ಚಿದವರಿಗೆ ಮಾತ್ರ ಗೊತ್ತು: ಹಿಡಿಕೆ ತಿರುಗಿಸಿದಾಗ ಗಾಜು ಇಳಿದು ನಿಲ್ಲುವುದು ಅಲ್ಲೇ, ಅದನ್ನು ಏರಿಸಿ ಇಳಿಸುವ ಸಲಕರಣೆ ಕೂತಿರುವುದೂ ಅಲ್ಲೇ. ಸ್ಪೀಕರಿನ ಹಿಂದಿರುವ ಅಯಸ್ಕಾಂತ ನೇರವಾಗಿ ಗಾಜಿಗೆ ತಾಗುತ್ತದೆ. ಇದಕ್ಕೆ ಅಂಗಡಿಯವರು ಕಂಡುಕೊಂಡ ದಾರಿ, ಬಾಗಿಲ ತಗಡಿಗೆ ದುಂಡಗೆ ತೂತು ಕೊರೆದು, ದಪ್ಪ ಪ್ಲಾಸ್ಟಿಕ್ ಬಳೆ ಇಟ್ಟು, ಸ್ಪೀಕರನ್ನು ಕಾಲಿನ ಕಡೆಗೆ ಉಬ್ಬಿಸಿ ಕೂರಿಸುವುದು. ಕೆಲಸವೇನೋ ಆಗುತ್ತದೆ. ಆದರೆ ಕೊರೆದ ತಗಡು ಮತ್ತೆ ಕೂಡುವುದಿಲ್ಲ. ಮಳೆನೀರು ಗಾಜಿನ ಗುಂಟ ಒಳಗಿಳಿದು ಆ ಬರಿ ಅಂಚನ್ನೇ ಮೊದಲು ಹಿಡಿಯುತ್ತದೆ. ತುಕ್ಕು ಶುರುವಾಗುವುದು ಅಲ್ಲಿಂದ.

ನಮ್ಮ ದೊಡ್ಡಪ್ಪನ ಗಾಡಿಗೆ ಆ ಗತಿ ಬರದೆ ಉಳಿದದ್ದು ಹೇಗೆ ಅನ್ನುವುದನ್ನು ಹೇಳುತ್ತೇನೆ. ಚಳಿಗೆ ಬೆಂಕಿ ಹಾಕಿಕೊಂಡು ಕೂತಾಗ ನಮ್ಮ ಮನೆಯ ಹುಡುಗರು ಇದನ್ನು ಕೇಳಿಯೇ ಕೇಳುತ್ತಾರೆ. ನಡೆದದ್ದೂ ಇಂಥದೇ ಚಳಿಯಲ್ಲಿ, 2003ರ ಕೊನೆಗೆ, ಅರ್ಧ ದಾವಣಗೆರೆಯಲ್ಲಿ, ಅರ್ಧ ಹರಿಹರದಲ್ಲಿ.

ಗಾಡಿ 1979ರದು. ಇಟಲಿಯ ಫಿಯೆಟ್ 1100 ಡಿ ಮಾದರಿಯನ್ನು ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ 1964ರಿಂದ ತಯಾರಿಸುತ್ತಿತ್ತು. ಎಪ್ಪತ್ತರ ದಶಕದ ನಡುವೆ ಅದಕ್ಕೆ ಪದ್ಮಿನಿ ಅಂತ ಹೆಸರಿಟ್ಟರು. ಹೆಸರು ಬದಲಾದರೂ ನಮ್ಮ ಕಡೆ ಅದು ಕೊನೇತನಕ ಫಿಯೆಟ್ಟೇ. 1089 ಸಿಸಿ ಎಂಜಿನ್, ಸ್ಟೇರಿಂಗ್ ಕಂಬಕ್ಕೇ ಗೇರು, ಮುಂದೆ ಅಗಲ ಸೀಟು, ಬಾಗಿಲ ಗಾಜಿನ ಪಕ್ಕದಲ್ಲಿ ಗಾಳಿಗೆಂದು ತಿರುಗಿಸಿಡುವ ಪುಟ್ಟ ತ್ರಿಕೋನ ಗಾಜು. ಆಗ ಕಾರು ಬೇಕೆಂದವರು ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ದೊಡ್ಡಪ್ಪನೂ ಕಾದವರೇ. ಹತ್ತಿಯ ದಲ್ಲಾಳಿ ಅವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಗಿರಣಿಗಳ ಸೈರನ್ನಿಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು, ಮಾರುಕಟ್ಟೆಗೆ ಹತ್ತಿಯ ಜಾಗದಲ್ಲಿ ಮೆಕ್ಕೆಜೋಳ ಬಂತು, ದೊಡ್ಡಪ್ಪನ ಕೂದಲು ಬೆಳ್ಳಗಾಯಿತು. ಗಾಡಿ ಮಾತ್ರ ಕುರ್ಲಾದಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು. ಭಾನುವಾರ ಬೆಳಗ್ಗೆ ಅದನ್ನು ತಾವೇ ಒರೆಸುತ್ತಿದ್ದರು, ಬೇರೆಯವರಿಗೆ ಬಟ್ಟೆ ಕೊಡುತ್ತಿರಲಿಲ್ಲ.

ಗಾಡಿಯ ಹಾಡಿನ ಚರಿತ್ರೆಯನ್ನೂ ಹೇಳಿಬಿಡಬೇಕು. ಮೊದಲು ಅದರಲ್ಲಿದ್ದದ್ದು ರೇಡಿಯೊ. ರೇಡಿಯೊ ಇಟ್ಟುಕೊಳ್ಳಲು ಆಗ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪಡೆದು ವರ್ಷವರ್ಷವೂ ಶುಲ್ಕ ಕಟ್ಟಬೇಕಿತ್ತು. ಆ ಲೈಸೆನ್ಸ್ ಪುಸ್ತಕ ಇವತ್ತಿಗೂ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದೆ. ದಾವಣಗೆರೆಯಲ್ಲಿ ಭದ್ರಾವತಿ ನಿಲಯ ಚೆನ್ನಾಗಿ ಸಿಗುತ್ತಿತ್ತು, ಧಾರವಾಡವೂ ಸಿಗುತ್ತಿತ್ತು. ಎಂಬತ್ತರ ದಶಕದಲ್ಲಿ ಗಾಡಿಗೆ ಕ್ಯಾಸೆಟ್ ಬಂತು. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ ಆಗಿ ಬಂದ ಮೇಲೆ ಕನ್ನಡದ ಹಾಡು ಕೇಳುವ ರೀತಿಯೇ ಬದಲಾಯಿತು. ಊರಲ್ಲಿ ಕಾರಿದ್ದವರೆಲ್ಲ ಕ್ಯಾಸೆಟ್ ಪ್ಲೇಯರ್ ಹಾಕಿಸಿದರು, ದೊಡ್ಡಪ್ಪನೂ ಹಾಕಿಸಿದರು. ಸ್ಪೀಕರ್ ಎರಡನ್ನೂ ಎಲ್ಲರಂತೆ ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಇಡಿಸಿದರು. ಅಲ್ಲಿ ಇಡುವುದು ಸುಲಭ, ಯಾವ ತಗಡನ್ನೂ ಮುಟ್ಟಬೇಕಿಲ್ಲ. ಆದರೆ ನಮ್ಮೂರಿನ ಏಪ್ರಿಲ್ ಬಿಸಿಲು ಆ ಗಾಜಿನ ಮೂಲಕ ನೇರ ಸ್ಪೀಕರಿನ ಕಾಗದದ ಮೇಲೇ ಬೀಳುತ್ತದೆ. ಕಾಗದ ಸೆಟೆದು ಒಡೆಯುತ್ತದೆ.

ಮುಂದಕ್ಕೆ ಸ್ಪೀಕರ್ ಬೇಕು ಅಂದದ್ದು ದೊಡ್ಡಮ್ಮ. ಆಕೆಗೆ ಆಗ ಎಪ್ಪತ್ತು ದಾಟಿತ್ತು. ಕಿವಿ ಪೂರ್ತಿ ಹೋಗಿರಲಿಲ್ಲ, ಮಂದವಾಗಿತ್ತು. ಆಕೆಗೆ ಪ್ರಾಣವಾಗಿದ್ದದ್ದು ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನದ ಕ್ಯಾಸೆಟ್. ಸೋಮವಾರ ಹರಿಹರೇಶ್ವರನ ಗುಡಿಗೆ ಹೋಗುವಾಗ ಅದೇ ಬೇಕು. ಮುಂದಿನ ಸೀಟಿನ ಎಡಕ್ಕೆ ಕೂತು, ಹಾಡು ಶುರುವಾದ ಕೂಡಲೇ ಕತ್ತು ಹಿಂದಕ್ಕೆ ತಿರುಗಿಸುತ್ತಿದ್ದರು. ಹರಿಹರ ಬರುವಷ್ಟರಲ್ಲಿ ಕತ್ತು ನೋವು. "ರಾಗ ಕೇಳಸ್ತೈತಿ, ಮಾತು ಕೇಳಸವಲ್ದು" ಅನ್ನುತ್ತಿದ್ದರು. "ವಚನ ಅಂದಮ್ಯಾಗ ಮಾತು ಕೇಳಬೇಕಲ್ಲಪ್ಪಾ?"

ಎಷ್ಟು ಸರಿಯಾದ ಮಾತು ಅದು ಅಂತ ನನಗೆ ತಿಳಿದದ್ದು ಆಮೇಲೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರದ ದನಿಗಳನ್ನು. ಸ, ಶ, ತ, ಕ ಇಂಥ ವ್ಯಂಜನಗಳ ಅಂಚೆಲ್ಲ ಇರುವುದು ಆ ಎತ್ತರದಲ್ಲೇ. ಮಂದ್ರದ ದನಿ ಸೀಟನ್ನು ಸುತ್ತಿ ಬಳಸಿ ಹೇಗೋ ಕಿವಿ ಮುಟ್ಟುತ್ತದೆ. ತಾರದ ದನಿ ನೇರ ಹೋಗುವಂಥದು, ಎದುರಿಗೆ ದಪ್ಪ ಸೀಟಿನ ಬೆನ್ನು ಬಂದರೆ ಅಲ್ಲೇ ಇಂಗಿಹೋಗುತ್ತದೆ. ಹಿಂದಿನ ಹಲಗೆಯಿಂದ ಹೊರಟ ಮನ್ಸೂರರ ಸ್ವರ ದೊಡ್ಡಮ್ಮನನ್ನು ತಲುಪುತ್ತಿತ್ತು, ಅಕ್ಕಮಹಾದೇವಿಯ ಮಾತು ದಾರಿಯಲ್ಲೇ ಉಳಿಯುತ್ತಿತ್ತು. ಇನ್ನೊಂದು ಸಂಗತಿಯೂ ಇದೆ. ಒಂದೇ ದನಿ ಎರಡು ಕಡೆಯಿಂದ ಬಂದಾಗ, ಯಾವುದು ಮೊದಲು ತಲುಪಿತೋ ಹಾಡುಗಾರ ಆ ಕಡೆಯೇ ಇದ್ದಾನೆ ಅಂತ ಕಿವಿ ತೀರ್ಮಾನಿಸುತ್ತದೆ. ಸೆಕೆಂಡಿನ ಸಾವಿರದ ಕೆಲವೇ ಭಾಗದಷ್ಟು ವ್ಯತ್ಯಾಸ ಸಾಕು. ಹಿಂದಿನ ಸ್ಪೀಕರನ್ನು ಎಷ್ಟು ಜೋರು ಮಾಡಿದರೂ ಹಾಡುಗಾರ ಬೆನ್ನ ಹಿಂದಿನಿಂದ ಏಳುವುದಿಲ್ಲ.

ಪಿ.ಬಿ. ರೋಡಿನ ಒಂದು ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ಚುರುಕು, ಕೆಲಸ ಬಲ್ಲವನು. ಬಾಗಿಲು ನೋಡಿದ, ಸೀಸದ ಕಡ್ಡಿಯಿಂದ ವೃತ್ತ ಬರೆದ, ದುಂಡು ಗರಗಸ ಕೈಗೆತ್ತಿಕೊಂಡ. ದೊಡ್ಡಪ್ಪ ಬಾಗಿಲಿಗೂ ಅವನಿಗೂ ನಡುವೆ ಹೋಗಿ ನಿಂತುಬಿಟ್ಟರು. "ತೂತು ಹಾಕಂಗಿಲ್ಲಪ. ಇಪ್ಪತ್ನಾಲ್ಕು ವರ್ಷ ಒಂದು ಗೀರು ಬೀಳದಂಗ ಕಾದೀನಿ." ದೊಡ್ಡಮ್ಮ ಗಾಡಿಯೊಳಗೇ ಕೂತಿದ್ದರು. ಆಕೆ ಏನೂ ಅನ್ನಲಿಲ್ಲ, ಸೆರಗು ಸರಿಮಾಡಿಕೊಂಡು ಮುಂದೆ ನೋಡಿದರು. ಮನೆಗೆ ಬರುವವರೆಗೆ ಗಾಡಿಯಲ್ಲಿ ಮಾತೂ ಇಲ್ಲ, ಹಾಡೂ ಇಲ್ಲ.

ಇಬ್ಬರ ಮಾತೂ ನ್ಯಾಯವಾದದ್ದೇ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಹಳೇ ಗಾಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಅದರಲ್ಲಿ ಕೂರುವವರಿಗೆ ಅದು ಇವತ್ತೂ ಒದಗಬೇಕು. ಹಾಗಂತ ಇವತ್ತಿನ ಅನುಕೂಲಕ್ಕೆ ಅದರ ಮೈ ಕೊಯ್ಯುವ ಹಕ್ಕು ನಮಗಿದೆಯೇ? ಪದ್ಮಿನಿ ತಯಾರಾಗುವುದು 2000ದ ಹೊತ್ತಿಗೆ ನಿಂತೇ ಹೋಗಿತ್ತು. ಹಾಳಾದರೆ ಇನ್ನೊಂದು ಬಾಗಿಲನ್ನು ಗುಜರಿಯಲ್ಲೇ ಹುಡುಕಬೇಕು. ಸೇರಿಸುವುದೇನಿದ್ದರೂ ಗುರುತಿಲ್ಲದಂತೆ ಮತ್ತೆ ತೆಗೆಯಲು ಬರಬೇಕು. ನನ್ನ ಲೆಕ್ಕ ಅಷ್ಟೇ. ಆದರೆ ಅಂಥ ಕೆಲಸ ಮಾಡುವ ಕೈ ಬೇಕಲ್ಲ?

ಆ ಕೈ ಇದ್ದದ್ದು ಹರಿಹರದಲ್ಲಿ. ಕೈ ಒಂದೇ ಅಲ್ಲ, ಸಾವಿರಾರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಹರಿಹರದಲ್ಲಿ ಶುರುವಾಯಿತು. ಲೇತ್ ತಯಾರಿಸುವ ಕಾರ್ಖಾನೆ, ಅಂದರೆ ಯಂತ್ರ ಮಾಡುವ ಯಂತ್ರವನ್ನು ಮಾಡುವ ಜಾಗ. ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ, ಐಟಿಐಗಳಲ್ಲಿ ಹರಿಹರದ ಲೇತ್ ತಿರುಗುತ್ತಿತ್ತು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ಆ ಕಾರ್ಖಾನೆ ನಿಂತುಹೋಯಿತು. ಅಲ್ಲಿ ಕಲಿತವರು ಎಲ್ಲಿಗೆ ಹೋಗಬೇಕು? ಕೆಲವರು ಪುಣೆಗೆ, ಬೆಂಗಳೂರಿಗೆ ಹೋದರು. ಉಳಿದವರು ಊರಲ್ಲೇ ಬಾಡಿಗೆ ಶೆಡ್ಡಿನಲ್ಲಿ, ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಒಂದೊಂದು ಲೇತ್ ಇಟ್ಟುಕೊಂಡು ಕೂತರು. ಅಂಥ ಒಬ್ಬ ಟರ್ನರ್ ನನ್ನ ಗೆಳೆಯನ ಸೋದರಮಾವ. ಎಲ್ಲರೂ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು.

ಮೇಸ್ತ್ರಿ ಗಾಡಿ ನೋಡಿದ ರೀತಿಯೇ ಬೇರೆ. ಬಾಗಿಲನ್ನು ನೋಡಲೇ ಇಲ್ಲ. ಮುಂದಿನ ಸೀಟಿನ ಮುಂದೆ ನೆಲದ ಮೇಲೆ ಅಂಗಾತ ಮಲಗಿ, ಟಾರ್ಚ್ ಹಿಡಿದು, ಡ್ಯಾಶ್‌ಬೋರ್ಡಿನ ಅಡಿಯನ್ನೇ ಬಹಳ ಹೊತ್ತು ನೋಡಿದರು. ಎದ್ದು ಹೇಳಿದರು: "ಕಂಪನಿಯವ್ರು ಹಾಕಿರೋ ತೂತು ಇರಬೇಕಾದ್ರೆ ನಾವ್ಯಾಕ ಹಾಕಬೇಕು?" ಡ್ಯಾಶ್‌ಬೋರ್ಡಿನ ತಗಡು ಕೆಳಗೆ ಒಳಮಡಿಕೆಯಾಗಿ ತಿರುಗುತ್ತದೆ. ಆ ಮಡಿಕೆಯನ್ನು ಕ್ಲಾಂಪಿನಿಂದ ಹಿಡಿಯಬಹುದು. ಬಾಗಿಲ ಹೊಸ್ತಿಲಿನ ಪಟ್ಟಿಗೆ ಮೊದಲಿನಿಂದಲೇ ತಿರುಪು ಇವೆ. ಮೇಲೆ ಕ್ಲಾಂಪು, ಕೆಳಗೆ ಹಳೇ ತಿರುಪು. ಇವೆರಡರ ನಡುವೆ, ಕಾಲಿಡುವ ಜಾಗದ ಮೂಲೆಗೆ ಒಂದು ಓರೆ ಪೆಟ್ಟಿಗೆ ಕೂತರೆ ಸ್ಪೀಕರಿಗೆ ಮನೆಯಾಯಿತು.

ಎಡಗಡೆ ತೊಂದರೆಯಿರಲಿಲ್ಲ. ಬಲಗಡೆ ಓಡಿಸುವವರ ಕಾಲಿದೆ, ಆಕ್ಸಿಲರೇಟರ್ ಆ ಮೂಲೆಗೇ ಹತ್ತಿರ. ಅಲ್ಲಿ ಕೂದಲೆಳೆಯಷ್ಟು ತಪ್ಪಾದರೂ ಬೂಟು ಸಿಕ್ಕಿಕೊಂಡು ಅಪಾಯ. ಮೇಸ್ತ್ರಿ ಮೊದಲು ರಟ್ಟಿನಲ್ಲಿ ಪೆಟ್ಟಿಗೆ ಮಾಡಿದರು. ದೊಡ್ಡಪ್ಪನಿಗೆ ಅವರು ದಿನಾ ಹಾಕುವ ಚಪ್ಪಲಿಯಲ್ಲೇ ಕೂತು ಪೆಡಲ್ ಒತ್ತಲು ಹೇಳಿದರು. ಕಾಲು ತಾಗಿದ ಕಡೆ ರಟ್ಟು ಕತ್ತರಿಸಿದರು. ಮತ್ತೆ ಒತ್ತಿಸಿದರು, ಮತ್ತೆ ಕತ್ತರಿಸಿದರು. ಗಾಡಿಗೆ ಏನೂ ಆಗುವುದಿಲ್ಲ ಅಂತ ದೊಡ್ಡಪ್ಪನಿಗೆ ಧೈರ್ಯ ಬಂದದ್ದು ಆಗಲೇ ಇರಬೇಕು. ಸುಮ್ಮನೆ ನಿಂತು ನೋಡುತ್ತಿದ್ದವರು "ಇಲ್ಲಿ ಇನ್ನೊಂದು ನೂಲು ತೆಗೀರಿ" ಅನ್ನತೊಡಗಿದರು.

ಆಮೇಲೆ ದೊಡ್ಡಮ್ಮನ ಸರದಿ. ಸ್ಪೀಕರಿನ ಮುಖ ಎಷ್ಟು ಓರೆಯಾಗಬೇಕು ಅನ್ನುವುದನ್ನು ಮೇಸ್ತ್ರಿ ಯಾವ ಪುಸ್ತಕದಿಂದಲೂ ತೆಗೆಯಲಿಲ್ಲ. ದೊಡ್ಡಮ್ಮನನ್ನು ಸೀಟಿನಲ್ಲಿ ಕೂರಿಸಿ, ರಟ್ಟಿನ ಪೆಟ್ಟಿಗೆಯ ನಡುವಿನಿಂದ ಅವರ ಕಿವಿಯವರೆಗೆ ನೂಲಿನ ದಾರ ಎಳೆದರು. ದಾರಕ್ಕೆ ಮುಖ ನೇರವಾಗುವಂತೆ ರಟ್ಟನ್ನು ಬಗ್ಗಿಸಿದರು. "ಅವ್ವಾ, ನೀವು ಕುಂದ್ರೋದು ಹಿಂಗ ನೆಟ್ಟಗೋ, ಒರಗಿಕೊಂಡೋ?" ಅಂತ ಕೇಳಿದರು. "ಗುಡಿಗೆ ಹೋಗಬೇಕಾದ್ರ ನೆಟ್ಟಗ, ಬರಬೇಕಾದ್ರ ಒರಗಿಕೊಂಡು" ಅಂದರು ದೊಡ್ಡಮ್ಮ. ಮೇಸ್ತ್ರಿ ಎರಡನ್ನೂ ಅಳೆದು ನಡುವೆ ಗೆರೆ ಹಾಕಿದರು.

ಪೆಟ್ಟಿಗೆ ಆದದ್ದು 12 ಮಿಲಿಮೀಟರ್ ಪ್ಲೈವುಡ್‌ನಲ್ಲಿ. ಕ್ಲಾಂಪುಗಳನ್ನು ಮೇಸ್ತ್ರಿ ಲೇತಿನಲ್ಲೇ ಕಡೆದರು, ಮಡಿಕೆಯ ಬಣ್ಣ ಸವೆಯದಂತೆ ಬಾಯಿಗೆ ಉಣ್ಣೆಯ ಫೆಲ್ಟ್ ಅಂಟಿಸಿದರು. ಸ್ಪೀಕರ್ ನಾಲ್ಕಿಂಚಿನವು, ನಾಲ್ಕು ಓಮಿನವು.

ಪೆಟ್ಟಿಗೆಯೇ ಯಾಕೆ, ಹಲಗೆಗೆ ಬಿಗಿದರೆ ಸಾಲದೇ ಅಂತ ನಾನು ಕೇಳಿದ್ದೆ. ಸ್ಪೀಕರಿನ ಕಾಗದ ಮುಂದಕ್ಕೆ ನೂಕುವಷ್ಟೇ ಗಾಳಿಯನ್ನು ಹಿಂದಿನಿಂದ ಎಳೆದುಕೊಳ್ಳುತ್ತದೆ. ಹಿಂದಿನ ಅಲೆ ಅಂಚು ಬಳಸಿ ಮುಂದೆ ಬಂದರೆ ಮುಂದಿನ ಅಲೆಯನ್ನೇ ತಿಂದುಹಾಕುತ್ತದೆ. ಮೊದಲು ಸಾಯುವುದು ಮಂದ್ರ. ಅದನ್ನು ಒಳಗೇ ಕೂಡಿಹಾಕಲು ಪೆಟ್ಟಿಗೆ. ಕೂಡಿಹಾಕಿದ ದನಿ ಗೋಡೆಗೆ ಬಡಿದು ಕಾಗದದ ಮೂಲಕವೇ ಮತ್ತೆ ಹೊರಬಾರದಂತೆ ಒಳಗೆ ಏನಾದರೂ ಮೆತ್ತನೆಯದು ತುಂಬಬೇಕು. ಮೇಸ್ತ್ರಿ "ಸ್ಪಂಜು ಇದ್ರ ಕೊಡ್ರಿ" ಅಂದರು.

ದೊಡ್ಡಪ್ಪನ ಮುಖ ನೋಡಬೇಕಿತ್ತು. "ಸ್ಪಂಜ್ಯಾಕ? ದಾವಣಗೆರೆಯವ್ರ ಗಾಡಿಗೆ ಸ್ಪಂಜ್ಯಾಕ?"

ಮರುದಿನ ಅಂಗಡಿಯ ಅಟ್ಟ ಹತ್ತಿದರು. ವ್ಯಾಪಾರ ಇಳಿದಿದ್ದರೂ ಮಾದರಿಯ ಗಂಟುಗಳನ್ನು ಅವರು ಬಿಸಾಕಿರಲಿಲ್ಲ. ನಾನು ಬೆಳ್ಳಗೆ ರೇಷ್ಮೆಯಂತಿದ್ದ ಒಂದನ್ನು ಕೈಗೆತ್ತಿಕೊಂಡೆ. ಅದು ವರಲಕ್ಷ್ಮಿ. ಧಾರವಾಡದಲ್ಲಿ ಕಟರಕಿಯವರು ರೂಪಿಸಿದ, 1972ರಲ್ಲಿ ಬಂದ ಸಂಕರ ತಳಿ. ಎಳೆ ಉದ್ದ, ನಯ. "ಅದು ನೂಲಿಗೆ" ಅಂತ ದೊಡ್ಡಪ್ಪ ಕಿತ್ತಿಟ್ಟರು. ಆರಿಸಿದ್ದು ಜಯಧರ್. ಗದಗ, ಧಾರವಾಡ ಕಡೆಯ ಕಪ್ಪುನೆಲದ ಹಳೇ ಹತ್ತಿ, ಎಳೆ ಗಿಡ್ಡ, ಸ್ವಲ್ಪ ಒರಟು. ಮುಷ್ಟಿಯಲ್ಲಿ ಹಿಂಡಿ ಬಿಟ್ಟರು, ಅದು ಮತ್ತೆ ಅರಳಿಕೊಂಡಿತು. "ನೋಡು. ವರಲಕ್ಷ್ಮಿ ಕುಂತಲ್ಲೇ ಕುಂತುಬಿಡ್ತೈತಿ. ಇದು ಏಳ್ತೈತಿ. ಗಾದಿಗೆ ಇದನ್ನೇ ತುಂಬೋದು." ಒಂದೂ ಬೀಜ, ಒಂದೂ ಎಲೆಯ ಚೂರು ಉಳಿಯದಂತೆ ಕೈಯಲ್ಲೇ ಬಿಡಿಸಿದರು. ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ಜೀವಮಾನವೆಲ್ಲ ಹತ್ತಿಯ ದರ್ಜೆ ಹೇಳಿದ ಬೆರಳುಗಳು ಅವು. ಹರಿಹರಕ್ಕೆ ಆ ಗಂಟನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬಂದರು. ಅವತ್ತು ಗಾಡಿ ಓಡಿಸಲು ನನಗೆ ಕೊಟ್ಟರು ಅಂದರೆ ನೀವೇ ತಿಳಿದುಕೊಳ್ಳಿ.

ವೈರಿಂಗಿನಲ್ಲಿ ಮೇಸ್ತ್ರಿ ತೋರಿಸಿದ ಎಚ್ಚರವನ್ನು ಹೇಳದಿದ್ದರೆ ಕಥೆ ಪೂರ್ತಿಯಾಗದು. ಎರಡು ಸ್ಪೀಕರುಗಳ ಕಾಗದ ಒಟ್ಟಿಗೇ ಮುಂದೆ ಬರಬೇಕು, ಒಟ್ಟಿಗೇ ಹಿಂದೆ ಹೋಗಬೇಕು. ಒಂದರ ವೈರು ಅದಲುಬದಲಾದರೆ ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಎಳೆಯುತ್ತದೆ. ಹಾಡು ತೆಳ್ಳಗಾಗುತ್ತದೆ, ಹಾಡುಗಾರ ಎಲ್ಲಿದ್ದಾನೆಂದೇ ತಿಳಿಯುವುದಿಲ್ಲ. ಸ್ಪೀಕರಿನ ಮೇಲೆ ಅಚ್ಚಾಗಿದ್ದ ಗುರುತನ್ನು ಮೇಸ್ತ್ರಿ ನಂಬಲಿಲ್ಲ. ಟಾರ್ಚಿನಿಂದ ಒಂದೂವರೆ ವೋಲ್ಟಿನ ಸೆಲ್ ತೆಗೆದು, ವೈರಿನ ತುದಿಗಳನ್ನು ಕ್ಷಣ ಮುಟ್ಟಿಸಿ ಕಾಗದದ ಮೇಲೆ ಬೆರಳಿಟ್ಟರು. ಟಪ್ ಅಂತ ಮುಂದೆ ಬಂತು. ಸೆಲ್ಲಿನ ಧನ ತುದಿ ತಾಗಿದ ಕಡೆ ಕೆಂಪು ಬಣ್ಣದ ಚುಕ್ಕೆ ಇಟ್ಟರು. ಎರಡನೆಯದಕ್ಕೂ ಹಾಗೇ.

ಹಿಂದಿನ ಸ್ಪೀಕರನ್ನೂ ಜೊತೆಗೇ ಸೇರಿಸೋಣ ಅಂದವನು ನನ್ನ ಗೆಳೆಯ. ನಾಲ್ಕು ಓಮಿನ ಎರಡನ್ನು ಪಕ್ಕಪಕ್ಕ ಸೇರಿಸಿದರೆ ಪ್ಲೇಯರಿನ ಮೇಲೆ ಬೀಳುವುದು ಎರಡೇ ಓಮ್. ಹರಿಯುವ ಕರೆಂಟು ಇಮ್ಮಡಿ, ಹಳೇ ಪ್ಲೇಯರ್ ಬಿಸಿಯಾಗಿ ಸುಟ್ಟುಹೋಗಬಹುದು. ಮೇಸ್ತ್ರಿ ಹಿಂದಿನವನ್ನು ಬಿಚ್ಚಿ ದೊಡ್ಡಪ್ಪನ ಕೈಗೆ ಕೊಟ್ಟರು. ಇದ್ದ ಶಕ್ತಿಯೆಲ್ಲ ಮುಂದಕ್ಕೇ ಬರಲಿ ಅಂತ ತೀರ್ಮಾನವಾಯಿತು. ರೇಡಿಯೊ ಹಾಕಿದರೆ ಎಂಜಿನ್ ವೇಗಕ್ಕೆ ತಕ್ಕಂತೆ ಚಟಚಟ ಕೇಳುತ್ತಿತ್ತು. ಅದು ಪ್ಲಗ್ಗಿನ ಕಿಡಿಯ ಸದ್ದು. ಇಗ್ನಿಷನ್ ಕಾಯಿಲಿಗೆ ಒಂದು ಕಂಡೆನ್ಸರ್ ಕಟ್ಟಿದ ಮೇಲೆ ಬಹುಪಾಲು ಇಳಿಯಿತು.

ಕೆಲಸ ಮುಗಿದಾಗ ಸಂಜೆ. ಎಲ್ಲರೂ ಗುಡಿಗೆ ಹೋದೆವು, ಮೇಸ್ತ್ರಿಯೂ ಬಂದರು. ಹರಿಹರೇಶ್ವರನ ಗುಡಿಯನ್ನು 1224ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಒಳಗೆ ತಿರುಗಣೆಯಲ್ಲಿ ಕಡೆದ ಕಲ್ಲಿನ ಕಂಬಗಳು. ಅರ್ಧ ಹರಿ, ಅರ್ಧ ಹರನಾದ ಮೂರ್ತಿಗೆ ಕೈಮುಗಿದ ಮೇಲೆ ಮೇಸ್ತ್ರಿ ನನ್ನನ್ನು ಒಂದು ಕಂಬದ ಹತ್ತಿರ ಕರೆದರು. ಅದರ ಸುತ್ತಿನ ತೋಡಿನ ಮೇಲೆ ಹೆಬ್ಬೆರಳು ಆಡಿಸಿ, "ಇದಕ್ಕ ವರ್ನಿಯರ್ ಹಿಡಿದು ನೋಡಬೇಕನಸ್ತೈತಿ" ಅಂದರು. "ಇಷ್ಟು ತೂಕದ ಕಲ್ಲನ್ನ ಹೆಂಗ ತಿರುವಿದ್ರೋ, ಟೂಲ್ ಹೆಂಗ ಹಿಡಿದ್ರೋ." ಮೂವತ್ತು ವರ್ಷ ಲೇತಿನ ಮುಂದೆ ನಿಂತವರ ಬಾಯಿಂದ ಬಂದ ಆ ಮಾತಿಗೆ ನಾನು ಯಾವ ಶಿಲ್ಪಶಾಸ್ತ್ರದ ಪುಸ್ತಕಕ್ಕೂ ಕೊಡದ ಬೆಲೆ ಕೊಡುತ್ತೇನೆ.

ವಾಪಸು ಹೊರಟಾಗ ದೊಡ್ಡಪ್ಪ ಓಡಿಸಿದರು. ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರ್. ಕ್ಯಾಸೆಟ್ ಹಾಕಿದೆವು. ತಂಬೂರಿ ಮೊದಲು ಬಂತು, ಡ್ಯಾಶ್‌ಬೋರ್ಡಿನ ಆಚೆಯಿಂದ ಬಂದ ಹಾಗೆ. ಆಮೇಲೆ ಮನ್ಸೂರರ ದನಿ, ಇಬ್ಬರ ನಡುವೆ, ಎದುರು ಗಾಜಿನ ನೇರಕ್ಕೆ. ದೊಡ್ಡಮ್ಮ ಕತ್ತು ತಿರುಗಿಸಲಿಲ್ಲ. ಸ್ವಲ್ಪ ಹೊತ್ತಿಗೆ ಹಾಡಿನ ಜೊತೆ ತಾವೂ ವಚನದ ಮಾತುಗಳನ್ನು ಬಾಯಲ್ಲಿ ಹೇಳತೊಡಗಿದರು, ಒಂದೂ ಬಿಡದೆ. "ಎದುರಿಗೆ ಕುಂತು ಹಾಡಿದಂಗೈತಿ" ಅಂದರು. ದೊಡ್ಡಪ್ಪ ಕೂಡಲೇ "ಹತ್ತಿ ನಂದು" ಅಂದರು.

ಎಷ್ಟೋ ವರ್ಷಗಳ ಮೇಲೆ ಗಾಡಿಗೆ ಹೊಸ ಬಣ್ಣ ಹೊಡೆಸುವಾಗ ಆ ಪೆಟ್ಟಿಗೆಗಳನ್ನು ಬಿಚ್ಚಿದೆವು. ಒಂದು ಸ್ಪಾನರ್, ಒಂದು ಸ್ಕ್ರೂಡ್ರೈವರ್ ಸಾಕಾಯಿತು. ಮಡಿಕೆಯ ಮೇಲೆ ಫೆಲ್ಟಿನ ನಾರು ಒಂದೆರಡು ಅಂಟಿದ್ದವು, ಒರೆಸಿದರೆ ಹೋದವು. ಹಳೇ ಗಾಡಿಗಳ ಬಣ್ಣದ ಕೆಲಸದಲ್ಲಿ ಪಳಗಿದ ಆ ಪೇಂಟರ್, ಸ್ಪೀಕರ್ ಎಲ್ಲಿ ಕೂತಿತ್ತು ಅಂತ ನಮ್ಮನ್ನೇ ಕೇಳಿದ. ಒಳಗಿನ ಜಯಧರ್ ಇನ್ನೂ ಹಿಂಡಿದರೆ ಅರಳುತ್ತಿತ್ತು, ಅದನ್ನೇ ಮತ್ತೆ ತುಂಬಿದೆವು.

ಸುದ್ದಿ ಮಾತ್ರ ಆ ಚಳಿಗಾಲದಲ್ಲೇ ಹೊಳೆ ದಾಟಿತ್ತು. ರಾಣೆಬೆನ್ನೂರಿನಿಂದ ಹಳೇ ಅಂಬಾಸಿಡರಿನಲ್ಲಿ ಒಬ್ಬ ಡಾಕ್ಟರು ಮೇಸ್ತ್ರಿಯ ಶೆಡ್ಡಿಗೆ ಬಂದರು, ನಮ್ಮ ಗಾಡಿಗೆ ಮಾಡಿದ ಅಳತೆಯಲ್ಲೇ ತಮಗೂ ಒಂದು ಜೊತೆ ಮಾಡಿಕೊಡಿ ಅಂದರು. ಮೇಸ್ತ್ರಿ ಕನ್ನಡಕ ಹಾಕಿಕೊಂಡು ಅಂಬಾಸಿಡರಿನ ಬಾಗಿಲು ತೆಗೆದರು. "ಆ ಅಳತೆ ಇದಕ್ಕ ಬರಂಗಿಲ್ಲ ಸಾಹೇಬ್ರ. ಮೊದಲು ನೀವು ಕುಂದ್ರಿ, ಪೆಡಲ್ ಒತ್ರಿ. ಏ ಹುಡುಗಾ, ರಟ್ಟು ತಗಂಬಾ."